ಐದು ಕಾಲಿನ ಜೀರುಂಡೆ

ಆಲೇತ್‌ಗೆ ಮೂಗಿನ ತುದಿಯಲ್ಲೇ ಕೋಪ ಎಂದು ಆಂಟ್ವರ್ಪಿನ ಕಸೂತಿ ಹೆಂಗಸರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಅವಳ ಅಪ್ಪ ಗಿಲಿಸ್‌ನ ಪಾಡು ಕಂಡಿದ್ದವರು ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಗಿಲಿಸ್ ತಾಮ್ರದ ತಗಡಿನ ಮೇಲೆ ಹುಳುಹುಪ್ಪಟೆ ಕೆತ್ತಿ ಅಚ್ಚು ತೆಗೆಯುತ್ತಿದ್ದ. ಒಮ್ಮೆ ಅವನಿಗೆ ಸಿಕ್ಕ ಕೊಂಬಿನ ಜೀರುಂಡೆಗೆ ಮುಂಗಾಲು ಒಂದಿರಲಿಲ್ಲ. ಐದೇ ಕಾಲು ಕೆತ್ತಿದ. ಇನ್ನೊಂದು ಸೇರಿಸು, ಕುಂಟ ಹುಳವನ್ನು ಯಾರು ಕೊಳ್ಳುತ್ತಾರೆ ಎಂದು ವ್ಯಾಪಾರಿ ಗೋಗರೆದ.

"ಇಲ್ಲದ ಕಾಲು ಎಲ್ಲಿಂದ ತರ್ಲಿ? ನಿಂದೊಂದು ಕೊಡ್ತೀಯಾ?" ಎಂದ ಗಿಲಿಸ್.

ವ್ಯಾಪಾರಿ ಹಾಳೆಗಳನ್ನೆಲ್ಲ ಹಿಂದಕ್ಕೆ ಕಳಿಸಿದ. ತಗಡು ಪಾತ್ರೆ ಮಾಡುವವನ ಪಾಲಾಯಿತು, ಹಾಳೆಗಳಲ್ಲಿ ಗಿಣ್ಣು ಮಾರುವವಳು ಗಿಣ್ಣು ಕಟ್ಟಿದಳು. ಗಿಲಿಸ್ ಸತ್ತಾಗ ಮಗಳಿಗೆ ಉಳಿದದ್ದು ಒಂದೇ ಒಂದು ಹಾಳೆ. ಅದನ್ನವಳು ತಾನು ದುಡಿಯುವ ಕಸೂತಿ ಅಂಗಡಿಯಲ್ಲಿ, ತನ್ನ ಮೇಜಿನ ಮೇಲಿನ ಗೋಡೆಗೆ ತೂಗುಹಾಕಿದ್ದಳು.

ಜ್ವರದಿಂದ ಎದ್ದು ಕೆಲಸಕ್ಕೆ ಬಂದ ದಿನ ಗೋಡೆ ಬೋಳಾಗಿತ್ತು. ಅಂಗಡಿಯ ಒಡತಿ ದಿಂಫ್ನಾ ಹಾಳೆಯನ್ನು ಜೀರುಂಡೆಯ ಬೆನ್ನಿನ ನಡುವೆ ಮಡಿಸಿ, ಮೂರು ಕಾಲಿದ್ದ ಪಕ್ಕದ ಗೆರೆಯುದ್ದಕ್ಕೂ ಎರಡೂ ಪದರ ತೂರುವಂತೆ ಸೂಜಿ ಚುಚ್ಚಿದ್ದಳು. ಬಿಡಿಸಿ, ತೂತುಗಳ ಮೇಲೆ ಇದ್ದಿಲ ಪುಡಿ ತಟ್ಟಿ, ಚಿತ್ರವನ್ನು ಮದುಮಗಳೊಬ್ಬಳ ರೇಷ್ಮೆ ಅಂಗಿಯ ತೋಳಿಗೆ ಇಳಿಸಿದ್ದಳು. ಕಸೂತಿಯವರ ರೂಢಿಯೇ ಅದು, ಅರ್ಧ ಚುಚ್ಚಿದರೆ ಇಡೀ ಹುಳ ಬರುತ್ತದೆ. ಈಗ ಆ ತೋಳಿನ ಮೇಲೆ ಚಿನ್ನದ ದಾರದಲ್ಲಿ ಆರು ಕಾಲಿನ ಜೀರುಂಡೆ ಕೂತಿತ್ತು. ಮದುಮಗಳು ಅದನ್ನು ತೊಟ್ಟು ನೋಡಲು ಬಂದಿದ್ದಳು.

"ಅಮ್ಮಾವ್ರೇ, ಯಾರನ್ನ ಕೇಳಿ ಮುಟ್ಟಿದ್ರಿ ಅದನ್ನ?"

"ಕೇಳೋದೇನೇ? ನನ್ನ ಗೋಡೆ ಮೇಲಿತ್ತು. ನಿಮ್ಮಪ್ಪ ಅದನ್ನ ಕುಂಟ ಮಾಡಿಟ್ಟಿದ್ದ. ನಾನು ಕಾಲು ಹಾಕಿಕೊಟ್ಟಿದೀನಿ, ಪುಕ್ಕಟೆ!"

ಹೆಂಗಸರೆಲ್ಲ ಕಿಸಕ್ಕೆಂದರು. ಆಲೇತ್‌ಗೆ ಮೈಯೆಲ್ಲ ಉರಿದುಹೋಯಿತು. ಹಾಳೆ ಜರಡಿಯಾದದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅಪ್ಪ ಹೊಟ್ಟೆಗೆ ಹಿಟ್ಟಿಲ್ಲದಿದ್ದಾಗಲೂ ಹೇಳದ ಸುಳ್ಳನ್ನು ಅವನದೇ ಗೆರೆಯಿಂದ ಹೇಳಿಸಿದ್ದರು. ಸಾಲದ್ದಕ್ಕೆ ನಗು ಬೇರೆ!

ಅವಳು ಕತ್ತರಿ ಎತ್ತಿಕೊಂಡು ಮದುಮಗಳ ತೋಳು ಹಿಡಿದಳು.

"ಅಯ್ಯೋ, ಏನ್ ಮಾಡ್ತಿದೀಯಾ?"

"ಅಲುಗಾಡ್ಬೇಡಿ ತಾಯೀ, ಚುಚ್ಚುತ್ತೆ."

ಅಪ್ಪ ಕೆತ್ತದ ಮುಂಗಾಲಿನ ದಾರ ಕತ್ತರಿಸಿ ಎಳೆದು ಒಡತಿಯ ಮಡಿಲಿಗೆ ಎಸೆದಳು. "ತಗೊಳ್ಳಿ ನಿಮ್ಮ ಪುಕ್ಕಟೆ ಕಾಲು!"

"ಈ ಊರಲ್ಲಿ ನಿನ್ನ ಕೈಗೆ ಇನ್ನು ಯಾರೂ ಸೂಜಿ ಕೊಡಲ್ಲ, ತಿಳ್ಕೋ!" ಎಂದು ದಿಂಫ್ನಾ ಕಿರುಚಿದಳು.

ಯಾರೂ ಕೊಡಲಿಲ್ಲ. ಆಲೇತ್ ಸಾಯುವವರೆಗೂ ಮೀನುಪೇಟೆಯಲ್ಲಿ ಹೆರಿಂಗ್ ಮೀನು ಸೀಳಿದಳು. ಹಳೆಯ ಕಸೂತಿ ಹೆಂಗಸರು ಯಾರಾದರೂ ಕೊಳ್ಳಲು ಬಂದು, ಒಂದು ಹುಳದ ಕಾಲಿಗೆ ಇಷ್ಟೆಲ್ಲ ಬೇಕಿತ್ತೇನೇ ಎಂದು ಕೇಳಿದರೆ, ಮೀನು ಕೊಡದೆ ಅಟ್ಟುತ್ತಿದ್ದಳು.