ದಯಾ ಮಾಮಿಗೆ ಬಂದ ವಾಗ್ದಾನ

ಮೈದಾ ಅಂಟು ಕುದಿಯುವ ವಾಸನೆ ನಿಮಗೂ ನೆನಪಿರಬಹುದು. ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು. ಮೊನ್ನೆ ಚರ್ಚ್ ಹಾಲಿನಲ್ಲಿ ಹೆಂಗಸರು ಬಣ್ಣದ ಕಾಗದ ಅಂಟಿಸಲು ಅದನ್ನು ಕಾಯಿಸುತ್ತಿದ್ದಾಗ ನಾನು ಕುರ್ಚಿ ಹಿಡಿದು ನಿಂತುಬಿಟ್ಟೆ. ದರ್ಬೆಯ ನಮ್ಮ ಹಂಚಿನ ಮನೆಯಲ್ಲಿ ಡಿಸೆಂಬರಿನ ಕೊನೆಯ ವಾರವೆಲ್ಲ ಇದೇ ವಾಸನೆ. ನಿವೃತ್ತ ಮೇಷ್ಟ್ರಾಗಿದ್ದ ಅಜ್ಜ ಹಳೆಯ ಗ್ರೀಟಿಂಗ್ ಕಾರ್ಡುಗಳನ್ನು ಕತ್ತರಿಸಿ, ಸತ್ಯವೇದದ ಒಂದೊಂದು ವಾಗ್ದಾನವನ್ನು ದುಂಡಗಿನ ಅಕ್ಷರದಲ್ಲಿ ಚೀಟಿಗೆ ಬರೆದು ಅವುಗಳ ಮೇಲೆ ಅಂಟಿಸುತ್ತಿದ್ದರು. ಹೊಸ ವರ್ಷದ ಬೆಳಿಗ್ಗೆ ಆರಾಧನೆ ಮುಗಿಸಿ ಬಂದು ನಾವೆಲ್ಲ ಕಣ್ಣು ಮುಚ್ಚಿ ಬೆತ್ತದ ಬುಟ್ಟಿಯಿಂದ ಒಂದೊಂದು ಎತ್ತಬೇಕು. ಕೈಗೆ ಬಂದದ್ದು ಆ ವರ್ಷಕ್ಕೆ ದೇವರು ನಮಗೆಂದೇ ಹೇಳಿದ ಮಾತು. ಆ ಮನೆ ಇದ್ದಲ್ಲಿ ಈಗ ಮೂರು ಮಾಳಿಗೆಯ ಕಾಂಪ್ಲೆಕ್ಸ್ ನಿಂತಿದೆ.

ನನಗೆ ಹನ್ನೊಂದು ತುಂಬಿದ ವರ್ಷ, ಅಪ್ಪನ ಅಕ್ಕ ದಯಾ ಮಾಮಿಯ ಕೈಗೆ ಯೆರೆಮೀಯ ಪ್ರವಾದಿಯ ಮಾತು ಬಂತು: ಎಪ್ಪತ್ತು ವರ್ಷ ತುಂಬಿದ ಮೇಲೆ, ಸೆರೆಹೋದವರನ್ನು ದೇವರು ಊರಿಗೆ ತಿರುಗಿ ಕರೆತರುವನೆಂದು. ಮಾಮಿಯ ಗಂಡ ಸಿಲೋನಿನ ಟೀ ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರ್ ಆಗಿ ಹೋದವರು. ಅವರಿಂದ ಕಾಗದ ಬರುವುದು ನಿಂತು ಒಂಬತ್ತು ವರ್ಷವಾಗಿತ್ತು. ಮಾಮಿ ಎಪ್ಪತ್ತನ್ನು ಬಿಟ್ಟುಬಿಟ್ಟರು, ಕರೆತರುವುದನ್ನು ಮಾತ್ರ ಇಟ್ಟುಕೊಂಡರು.

"ಅದು ನಿನಗೆ ಬರ್ದದ್ದಲ್ಲ ದಯಾ," ಎಂದರು ಅಜ್ಜ. "ಬಾಬೆಲಿಗೆ ಸೆರೆ ಹಿಡ್ಕೊಂಡು ಹೋದ ಯೆಹೂದ್ಯರಿಗೆ ಬರ್ದ ಕಾಗದ. ಯಾವ ಅರಸನ ಕಾಲ, ಅವ್ರಿಗೆ ಎಂತ ಆಗಿತ್ತು, ಅದೆಲ್ಲ ನೋಡ್ಬೇಕು."

"ಮತ್ತೆ ಬುಟ್ಟಿಗೆ ಹಾಕಿದ್ದು ಎಂತಕ್ಕೆ ಅಪ್ಪಾ? ಯೆಹೂದ್ಯರು ಬಂದು ಎತ್ಲಿಕ್ಕಾ?"

ಅಜ್ಜ ನಕ್ಕು, ಬುಟ್ಟಿಯನ್ನು ಮುಂದಿನವರಿಗೆ ಚಾಚಿದರು.

ಬೇಸಗೆಯ ಒಂದು ಮಧ್ಯಾಹ್ನ, ಹಲಸಿನ ಬೀಜ ಸುಲಿಯುತ್ತ ಕೂತಿದ್ದ ಮಾಮಿ ಅಜ್ಜನ ಕಪಾಟಿನಿಂದ ಯೆಹೂದ್ಯರ ಚರಿತ್ರೆಯ ದಪ್ಪ ಇಂಗ್ಲಿಷ್ ಪುಸ್ತಕವನ್ನು ನನ್ನಿಂದಲೇ ತರಿಸಿದರು. "ಇಂಗ್ಲಿಷ್ ಕಲ್ತವಳಲ್ವಾ ನೀನು, ಅವ್ರು ತಿರುಗಿ ಬಂದ ಕತೆ ಓದು ಮಾರಾಯ್ತಿ." ಕಾನ್ವೆಂಟಿನಲ್ಲಿ ರೀಡಿಂಗಿಗೆ ಫಸ್ಟ್ ಪ್ರೈಜ್ ಪಡೆದವಳು ನಾನು. ಸಿಸ್ಟರ್ ತಿದ್ದಿದ ಪ್ರೊನನ್ಸಿಯೇಶನ್‌ನಲ್ಲಿ ಒಂದೊಂದು ವಾಕ್ಯ ಓದಿ, ಕನ್ನಡದಲ್ಲಿ ಬಿಡಿಸಿ ಹೇಳುತ್ತ ಹೋದೆ. ಬಾಬೆಲನ್ನು ಗೆದ್ದ ಕೋರೆಷ ಅರಸ ತಿರುಗಿ ಹೋಗಲು ಅಪ್ಪಣೆ ಕೊಟ್ಟ, ದೊಡ್ಡ ಗುಂಪೊಂದು ಯೆರೂಸಲೇಮಿಗೆ ಹೊರಟಿತು. ಮಾಮಿಯ ಮುಖ ಅರಳಿತು. "ಸಾಕು ಮಗಾ, ಅಲ್ಲಿಗೆ ಸಾಕು," ಎಂದರು ಆರಾಮಕುರ್ಚಿಯಲ್ಲಿದ್ದ ಅಜ್ಜ. ಮಾಮಿಯ ಎದುರು ಅವರು ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಿದ್ದರೆಂಬುದು ನನಗೇನು ಗೊತ್ತು. ಪ್ಯಾರಾ ಮುಗಿಸದೆ ಪುಸ್ತಕ ಮುಚ್ಚುವುದು ಬ್ಯಾಡ್ ಮ್ಯಾನರ್ಸ್ ಎಂದು ನಮಗೆ ಕಲಿಸಿದ್ದರು. ಇನ್ನಷ್ಟು ಗಟ್ಟಿಯಾಗಿ ಓದಿದೆ: ಬಹಳ ಮಂದಿ ಹಿಂದಿರುಗಲೇ ಇಲ್ಲ; ಬಾಬೆಲಿನಲ್ಲೇ ಮನೆ, ತೋಟ ಮಾಡಿಕೊಂಡಿದ್ದರು, ಸಂಸಾರ ಬೆಳೆದಿತ್ತು, ಅಲ್ಲಿ ಹುಟ್ಟಿದ ಮಕ್ಕಳಿಗೆ ಯೆರೂಸಲೇಮ್ ಕೇಳಿ ಗೊತ್ತಿದ್ದ ಒಂದು ಹೆಸರು ಅಷ್ಟೇ.

ಮಾಮಿಯ ಕೈ ನಿಂತಿತು. "ಮಕ್ಕಳೂ ಉಂಟಾ?" ಎಂದು ಕೇಳಿದರು.

"ಉಂಟು ಮಾಮಿ, ತುಂಬಾ," ಎಂದೆ, ಕ್ಲಾಸಿನಲ್ಲಿ ಆನ್ಸರ್ ಹೇಳುವ ಹಾಗೆ.

ಅಜ್ಜ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ನೀನು ಓದಿದ್ದು ಸರಿಯೇ ಉಂಟು," ಎಂದರು ನನಗೆ.

ಅಲ್ಲಿಯವರೆಗೆ ಮಾಮಿ, ಗಂಡ ಇಳಿದಾರೆಂದು, ಮಂಗಳೂರಿನಿಂದ ಬರುವ ಎರಡು ಗಂಟೆಯ ಬಸ್ಸು ದಾಟದೆ ಉಣ್ಣುತ್ತಿರಲಿಲ್ಲ. ಮರುದಿನ ಹನ್ನೆರಡೂವರೆಗೆ ತಾವಾಗಿ ಮಣೆ ಹಾಕಿಕೊಂಡು ನಮ್ಮ ಸಾಲಿನಲ್ಲಿ ಕೂತರು. ಅಮ್ಮ ಬಡಿಸಿದರು. ಮಾಮಿ ನನ್ನನ್ನು ಒಂದು ಮಾತೂ ಬೈಯಲಿಲ್ಲ, ಆಮೇಲೆ ಬದುಕಿದ್ದ ಮೂವತ್ತು ಚಿಲ್ಲರೆ ವರ್ಷಗಳಲ್ಲೂ. ಬೈದಿದ್ದರೆ ನಾನು ಸಾರಿ ಹೇಳಬಹುದಿತ್ತು. ಈಗ ಆ ಸಾಲಿನಲ್ಲಿ ಉಂಡವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಫ್ಲಾಟಿನ ಮಧ್ಯಾಹ್ನಗಳು ಬಹಳ ಉದ್ದ. ಕಣ್ಣಿನ ಆಪರೇಶನ್ ಆದ ಮೇಲೆ ಮತ್ತೆ ಆ ಕಾಲದ ಚರಿತ್ರೆಯನ್ನೇ ಹುಡುಕಿ ಓದುತ್ತೇನೆ. ತಿರುಗಿ ಬಂದವರ ಬಗ್ಗೆ ಪುಟಗಟ್ಟಲೆ ಇದೆ, ಅಲ್ಲೇ ಉಳಿದವರ ಬಗ್ಗೆಯೂ ಇದೆ. ಯೆರೂಸಲೇಮಿನಲ್ಲಿ ಊಟ ಬಿಟ್ಟು ದಾರಿ ನೋಡುತ್ತ ಕೂತ ಹೆಂಗಸರ ಬಗ್ಗೆ ಇದುವರೆಗೆ ನನಗೆ ಒಂದು ಸಾಲೂ ಸಿಕ್ಕಿಲ್ಲ.