ಹಲ್ಲಲ್ಲಿ ಹಿಡಿದ ಸೀಸದ ತಂತಿ

ನನ್ನ ಅಣ್ಣನನ್ನು ಕುಡುಕ ಎಂದವರ ಮುಖ ಒಂದೂ ನನಗೆ ಮರೆತಿಲ್ಲ. ಅಣ್ಣ ಸೆರೆಯ ಹನಿ ಮುಟ್ಟಿದವನಲ್ಲ.

ಚಿಕ್ಕಂದಿನಲ್ಲೇ ಶಾಲೆ ಬಿಟ್ಟ ನಾವಿಬ್ಬರೂ ದಾಂಡೇಲಿಯ ಒಬ್ಬ ಮಿಸ್ತ್ರಿಯ ಕೈಕೆಳಗೆ ರೇಡಿಯೊ ರಿಪೇರಿ ಕಲಿತು, ತೊಂಬತ್ತರ ದಶಕದಲ್ಲಿ ಹಳಿಯಾಳದಲ್ಲಿ ಸ್ವಂತ ಅಂಗಡಿ ಹಾಕಿದ್ದೆವು. ಬೇರೆಯವರು ಗುಜರಿಗೆ ಹಾಕಿರಿ ಎನ್ನುತ್ತಿದ್ದ ವಾಲ್ವಿನ ರೇಡಿಯೊಗಳನ್ನು ನಾವು ಹಾಡಿಸಿ ಕೊಡುತ್ತಿದ್ದೆವು. ಮಾಳಿಗೆ ಹತ್ತಿ ಟೀವಿ ಆಂಟೆನಾ ಕಟ್ಟುವುದು ನನ್ನ ಕೆಲಸ. ಬೆಸುಗೆಯೆಲ್ಲ ಅಣ್ಣನದು. ಒಂದು ಕೈಯಲ್ಲಿ ಸೋಲ್ಡರಿಂಗ್ ಐರನ್, ಇನ್ನೊಂದರಲ್ಲಿ ಇಕ್ಕಳ, ಸೀಸದ ತಂತಿ ಹಲ್ಲಿನ ನಡುವೆ. ತಂತಿಯನ್ನು ಬೆರಳಲ್ಲಿ ಹಿಡಿಯುವವನು ಹೊಸಬ, ಹಲ್ಲಲ್ಲಿ ಹಿಡಿಯುವವನು ಮಿಸ್ತ್ರಿ ಎಂದೇ ನಮಗೆ ಕಲಿಸಿದ್ದರು. ಹಳೆಯ ಬೆಸುಗೆಯನ್ನು ಅಣ್ಣ ಕರಗಿಸಿ ಬಾಯಿಂದ ಊದಿ ತೆಗೆಯುತ್ತಿದ್ದ. ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದ.

ಕೆಲವು ವರ್ಷಗಳಲ್ಲಿ ಅವನಿಗೆ ಹೊಟ್ಟೆ ಹಿಂಡುವ ನೋವು ಶುರುವಾಯಿತು. ಮುಖ ಬಿಳಿಚಿತು. ಬಲಗೈಯ ಮಣಿಕಟ್ಟು ಸೋತು ಜೋತುಬಿತ್ತು. ಹಳಿಯಾಳದ ಡಾಕ್ಟರೊಬ್ಬರು ಹೊಟ್ಟೆ ಒತ್ತಿ ನೋಡಿ, "ದಾರೂ ಬಿಡಪಾ" ಎಂದರು. ಏನು ಕೆಲಸ ಮಾಡುತ್ತೀ ಎಂದು ಕೇಳಲಿಲ್ಲ.

ಮಾತು ಊರೂರು ತಿರುಗಿತು. ಅತ್ತಿಗೆಯ ಅಪ್ಪ ಸನವಳ್ಳಿಯಿಂದ ಬಂದು ಮಗಳ ಚೀಲ ಕಟ್ಟಿಸಿದರು.

"ಕೊರಳಾಗ ಲಿಂಗ, ಕೈಯಾಗ ಬಾಟ್ಲಿ. ಇಂಥಾ ಮನಿಯಾಗ ನನ್ನ ಮಗಳನ್ನ ಬಿಡಂಗಿಲ್ಲ."

"ಬಾಟ್ಲಿ ಯಾವಾಗ ನೋಡೀರಿ, ಮಾವಾರ?" ಎಂದೆ.

"ಅವನ ಕೈ ನೋಡು. ಅದೂ ಸುಳ್ಳ ಹೇಳ್ತೈತೇನು?"

"ಇವ್ರು ಕುಡಿಯಂಗಿಲ್ಲಪಾ" ಎಂದಳು ಅತ್ತಿಗೆ.

"ನೀ ಸುಮ್ಮ ಕುಂದರ."

ಅಣ್ಣನನ್ನು ಹುಬ್ಬಳ್ಳಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರಮ್ಮ ಮೊದಲು ಕೇಳಿದ್ದೇ ಕೆಲಸದ ಬಗ್ಗೆ. ಆಮೇಲೆ ತುಟಿ ಎತ್ತಿ ನೋಡಿದರು. ಒಸಡಿನ ಅಂಚಿಗೆ ಕಪ್ಪು ನೀಲಿ ಗೆರೆ ಕೂತಿತ್ತು. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು: ಸೀಸ ಮೈಗೇರಿದೆ.

ಕಲಿಸಿದ ಮಿಸ್ತ್ರಿಗೇ ಗೊತ್ತಿರಲಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ತಂತಿ ತಯಾರಿಸಿದವರಿಗೆ ಗೊತ್ತಿರಲಿಲ್ಲವೇ? ದುಡಿಯುವವನ ಕೈ ಸೋತರೆ ಕುಡಿತ ಎಂದು ತೀರ್ಮಾನಿಸಲು ಅಷ್ಟು ಓದಬೇಕೇ?

ನಾನೇ ಸನವಳ್ಳಿಗೆ ಹೋಗಿ ಎಲ್ಲ ಹೇಳಿದೆ. ಅಣ್ಣನ ಮಾವ ಹೂಂ ಎನ್ನುವ ಮೊದಲೇ ಅತ್ತಿಗೆ ಚೀಲ ಹಿಡಿದು ಹೊರಗೆ ನಿಂತಿದ್ದಳು.

ಅಣ್ಣ ತಂತಿಯನ್ನು ಬಾಯಿಗೆ ಹಚ್ಚುವುದು ಬಿಟ್ಟ. ಔಷಧಿಯಿಂದ ನೋವು ನಿಂತಿತು, ಮುಖಕ್ಕೆ ಕಳೆ ಬಂತು. ಮಣಿಕಟ್ಟು ಮಾತ್ರ ಪೂರ್ತಿ ಏಳಲಿಲ್ಲ. ಮುಂದೊಂದು ದಿನ ಮಾವನವರು ತಮ್ಮ ರೇಡಿಯೊ ಹೊತ್ತು ಅಂಗಡಿಗೆ ಬಂದರು. ನಾನು ಅದನ್ನು ಬಿಚ್ಚುತ್ತಿದ್ದಾಗ ಗಿರಾಕಿಗಳತ್ತ ತಿರುಗಿ, "ದಾರೂ ಬಿಟ್ಟ ಮ್ಯಾಲೆ ನಮ್ಮ ಅಳಿಯನ ಮಾರಿ ಹೆಂಗ ತುಂಬೇತಿ ನೋಡ್ರಿ" ಎಂದರು.

ಅಣ್ಣ ತಲೆ ತಗ್ಗಿಸಿ ನಕ್ಕ. ನಾನು ಸ್ಕ್ರೂಗಳನ್ನು ಮತ್ತೆ ಬಿಗಿದು ರೇಡಿಯೊವನ್ನು ಅವರ ಮುಂದಿಟ್ಟೆ.

"ಯಾಕಪಾ?"

"ಇದು ಕುಡುಕರ ಅಂಗಡಿ ಐತ್ರಿ. ಚಲೋ ಮಂದಿ ಕಡೆ ಒಯ್ರಿ."

"ಹಿರ್ಯಾರು ಅದಾರ, ಬಿಡೋ" ಎಂದ ಅಣ್ಣ.

ನಾನು ಬಿಡಲಿಲ್ಲ.