ಗ್ಲೌಸಿನ ಮೇಲಿನ ಕುಂಕುಮ

ನಮ್ಮಣ್ಣನಿಗೆ ಲಕ್ವ ಹೊಡೆದದ್ದು ಎಡಭಾಗಕ್ಕೆ. ಮಾತು ಉಳಿಯಿತು, ಎಡಗೈ ಹೋಯಿತು. ಬೇಸ್‌ಬಾಲಿನಲ್ಲಿ ಚೆಂಡು ಹಿಡಿಯಲು ಅವನು ಚರ್ಮದ ಗ್ಲೌಸು ಹಾಕುತ್ತಿದ್ದದ್ದು ಆ ಕೈಗೇ. ದೇವರಿಗೆ ಬೇರೆ ಕೈ ಕಾಣಲಿಲ್ಲವೇ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಾಯಿಗೆ ಬಂದಂತೆ ಬೈದಿದ್ದೇನೆ.

ಹೊಸದುರ್ಗದಲ್ಲಿ ಬೇಸ್‌ಬಾಲ್ ಎಂದರೆ ಈಗಲೂ ಜನ, ಬಾಲ್ ಬ್ಯಾಡ್ಮಿಂಟನ್ನಾ ಎಂದು ಕೇಳುತ್ತಾರೆ. ಅಣ್ಣ ಚಿತ್ರದುರ್ಗದಲ್ಲಿ ಕಾಲೇಜು ಓದುವಾಗ ಶಿಬಿರಕ್ಕೆ ಬಂದಿದ್ದ ಅಮೆರಿಕದ ಕೋಚೊಬ್ಬರು, ಹೊರಡುವಾಗ ತಮ್ಮ ಹಳೇ ಗ್ಲೌಸನ್ನು ಇವನಿಗೆ ಕೊಟ್ಟು ಹೋಗಿದ್ದರು. ಅದರ ಅಂಗೈ ಮೇಲೆ ಸುರುಳಿ ಸುರುಳಿಯಾಗಿ ಒಬ್ಬ ಆಟಗಾರನ ಸಹಿ. ಓದಲು ಇವನಿಗೆ ಬರಲಿಲ್ಲ. ತಿಳಿದವರು ಸಿಕ್ಕಾಗ ಕೇಳಿದರಾಯಿತು ಎಂದುಕೊಂಡ. ಸಂಸಾರ, ನೌಕರಿಯ ನಡುವೆ ಅದು ಹಾಗೇ ಉಳಿಯಿತು.

"ಯಾವನೋ ದೊಡ್ಡ ಆಟಗಾರ ಇದನ್ನ ಮುಟ್ಟಿ ಸಹಿ ಹಾಕ್ಯಾನೆ ಕಣ್ಲೇ" ಎನ್ನುತ್ತಿದ್ದ. ಹೋಟೆಲಿನಲ್ಲಿ ಜನ ಬುರುಡೆ ಎಂದು ನಗುತ್ತಿದ್ದರು. ಅತ್ತಿಗೆ ಮಾತ್ರ ನಂಬಿದರು. ಮದುವೆಯಾದ ವರ್ಷದಿಂದಲೇ ಆಯುಧಪೂಜೆಗೆ ಗ್ಲೌಸೂ ಬೈಕಿನ ಪಕ್ಕ ಬಂದು ಕೂತಿತು. ಒದ್ದೆ ಬಟ್ಟೆಯಲ್ಲಿ ಉಜ್ಜಿ, ಮನೆಯ ಕೊಬ್ಬರಿ ಎಣ್ಣೆ ಸವರಿ, ವಿಭೂತಿ, ಕುಂಕುಮ ಹಚ್ಚುವರು.

"ಎಡಗೈಗೆ ಹಾಕ್ಕಳದಕ್ಕೂ ಪೂಜೆನಾ?" ಎಂದು ಪಕ್ಕದ ಅಂಗಡಿಯಾಕೆ ಕೇಳಿದಾಗ ಅತ್ತಿಗೆ, "ನಿಮ್ಮ ತಕ್ಕಡಿಗಿಂತ ನೆಟ್ಟಗೈತೆ ಬಿಡ್ರಿ" ಎಂದಿದ್ದರು.

"ಸಹಿ ಮ್ಯಾಲೇ ಹಚ್ಚೇ, ಅದೇ ಅವನ ಹಸ್ತ" ಎಂದು ಜಾಗ ತೋರಿಸುತ್ತಿದ್ದವನು ಅಣ್ಣನೇ.

ಹಾಸಿಗೆ ಹಿಡಿದ ಮೇಲೆ ಅವನಿಗೆ ಅದೊಂದೇ ಧ್ಯಾನ. "ಅವನ ಹೆಸ್ರೊಂದು ತಿಳ್ಕಂಬಾರ್ಲೇ. ಈ ಕೈಯಾಗೆ ಇಷ್ಟು ವರ್ಷ ಯಾರಿದ್ದ ಅಂತ ಗೊತ್ತಾಗ್ದೆ ನಾನು ಹೋಗಬಾರ್ದು."

ಚಿತ್ರದುರ್ಗದಲ್ಲಿ ಹಳೇ ಗ್ಲೌಸುಗಳನ್ನು ಕೂಡಿಡುವ ನಿವೃತ್ತ ಕೋಚೊಬ್ಬರಿದ್ದಾರೆಂದು ತಿಳಿದು ಹೋದೆ. "ಬರ್ರಿ, ಕುಂತ್ಕಳ್ರಿ" ಎಂದು ಗ್ಲೌಸು ತೆಗೆದುಕೊಂಡರು. ಈಗಿನವುಗಳಂತೆ ಬೆರಳುಗಳ ನಡುವೆ ಚರ್ಮದ ದಾರ ಪೋಣಿಸಿಲ್ಲ, ಹಾಗಾಗಿ ಬಹಳ ಹಳೆಯದು ಎಂದರು. ಕುಂಕುಮದ ಕಲೆ ಮುಚ್ಚಿದ್ದ ಸಹಿಯ ಜಾಗಕ್ಕೆ ಬಂದಾಗ ಟಾರ್ಚನ್ನು ಓರೆಯಾಗಿ ಹಿಡಿದರು.

"ಇದು ಸಹಿ ಅಲ್ರಿ, ಅಚ್ಚು. ಆಟಗಾರನ್ನ ಒಪ್ಪಿಸಿ ಕಂಪನಿಯೋರು ಅವನ ಸಹೀನ ಎಲ್ಲಾ ಗ್ಲೌಸಿಗೂ ಒತ್ತುತಿದ್ರು. ಊದುಬತ್ತಿ ಪೊಟ್ಟಣದ ಮ್ಯಾಲೆ ದೇವರ ಚಿತ್ರ ಇರಲ್ವಾ, ಹಂಗೆ. ದೇವ್ರು ಬಂದು ಬತ್ತಿ ಹೊಸ್ದಿರ್ತಾನಾ? ಆದ್ರೂ ಹೆಸ್ರು ಓದಾಕೆ ಬಂದ್ರೆ ಇದಕ್ಕೊಂದು ಬೆಲೆ. ಇಲ್ದಿದ್ರೆ ಬರೀ ಚರ್ಮ." ಸುಕ್ಕುಗಳಲ್ಲಿ ಸಿಕ್ಕಿದ್ದ ಕೆಂಪನ್ನು ಉಗುರಿನಿಂದ ಕೆರೆದು ನೋಡಿದರು. "ಯಾರ್ರಿ ಇಲ್ಲಿ ಉಜ್ಜಿರೋದು? ಒತ್ತಿದ ಗುರುತೈತೆ ಅಷ್ಟೇ, ಒಂದಕ್ಷರಾನೂ ಉಳಿದಿಲ್ಲ."

ಪೂಜೆಯ ವಿಷಯ ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೆ ನನಗೆ ಜಗಳವಾಡಲಾದರೂ ಆಗುತ್ತಿತ್ತು.

ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ಮೊಬೈಲಿನಲ್ಲಿ ಅಮೆರಿಕದ ಆಟಗಾರನೊಬ್ಬನ ಹೆಸರು ಹುಡುಕಿ ಬಾಯಿಪಾಠ ಮಾಡಿಕೊಂಡೆ. ಇದೇ ಹೆಸರು ಎಂದುಬಿಟ್ಟರೆ ಯಾರಪ್ಪನ ಗಂಟು ಹೋಗುತ್ತದೆ? ಆದರೆ ಮನೆಗೆ ಬಂದಾಗ ಅಣ್ಣ ನನ್ನ ಮುಖ ನೋಡಿದ. ಚಡ್ಡಿ ಹಾಕುವ ಕಾಲದಿಂದ ನನ್ನ ಸುಳ್ಳು ಹಿಡಿದವನು. ಹೆಸರು ಬಾಯಿಂದ ಹೊರಡಲಿಲ್ಲ. ಸಹಿಯಲ್ಲ, ಅಚ್ಚು ಎಂದು ಹೇಳಿದೆ.

"ಅಚ್ಚೇ ಆಗ್ಲಿ. ಯಾರ್ದು?"

"ಅಳಿಸಿ ಹೋಗೈತಣ್ಣ."

"ಹೆಂಗೆ?"

ಗ್ಲೌಸನ್ನು ಅವನ ಪಕ್ಕಕ್ಕಿಟ್ಟೆ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಗ್ಲೌಸನ್ನು ನೋಡಿದರು, ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. "ನಾನೇ ಅಳಿಸಿದ್ದು" ಎಂದರು. "ಅಲ್ಲೇ ಹಚ್ಚು ಅಂದೋನು ನಾನಲ್ವೇನೇ" ಎಂದ ಅಣ್ಣ, ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಮತ್ತೆ ಆ ಮಾತು ಎತ್ತಲಿಲ್ಲ.

ಆ ವರ್ಷದ ಆಯುಧಪೂಜೆಯಲ್ಲಿ ಅತ್ತಿಗೆ ಎಲ್ಲಕ್ಕೂ ಕುಂಕುಮವಿಟ್ಟು ಗ್ಲೌಸನ್ನು ಬಿಟ್ಟು ಮುಂದೆ ಹೋದರು. ಅಣ್ಣ ಹಾಸಿಗೆಯಿಂದಲೇ "ಹಚ್ಚೇ" ಎಂದ. ಅವರು ಹಚ್ಚಲಿಲ್ಲ. ಆ ಚಳಿಗಾಲವನ್ನು ಅಣ್ಣ ದಾಟಲಿಲ್ಲ.

ಮುಂದಿನ ಆಯುಧಪೂಜೆಗೆ ಅತ್ತಿಗೆ ಬರಿಹಣೆಯಲ್ಲಿ ಬಾಗಿಲಾಚೆ ನಿಂತಿದ್ದರು. ಒಳಗೆ ಬನ್ನಿ, ಈ ಹಾಳು ಶಾಸ್ತ್ರವೆಲ್ಲ ಯಾರಿಗೆ ಬೇಕು ಎಂದು ರೇಗಿದೆ. ಬರಲಿಲ್ಲ. ಕುಂಕುಮದ ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ನನ್ನತ್ತ ಸರಿಸಿದರು.

"ಗ್ಲೌಸಿಗೂ ಹಚ್ಚಪ್ಪ. ಅದ್ರಾಗೆ ಅಳಿಸಾಕೆ ಇನ್ನೇನೈತೆ?"